ದಾಖಲೆಯ ಪ್ರಕಾರ ನೀಲಿ

ದಹನ ಸುರಕ್ಷತಾ ನಿರ್ದೇಶನಾಲಯದ ನೆಲಮಾಳಿಗೆಯಲ್ಲಿರುವ ಗ್ಯಾಸ್ ಬರ್ನರಿನ ಜ್ವಾಲೆಯು ನೀಲಿ ಬಣ್ಣದ್ದಾಗಿರುತ್ತದೆ. ಇದು ಹನ್ನೊಂದು ವರ್ಷಗಳಿಂದ, ತಿಂಗಳಿಗೊಂದರಂತೆ, ನೂರ ಮೂವತ್ತೆರಡು ಪ್ರಮಾಣಪತ್ರಗಳಲ್ಲಿ ದಾಖಲಾದ ಸತ್ಯ. ನೋಡಿದವರ ಕಣ್ಣಿಗೆ ಅದು ಹಳದಿಯಾಗಿ ಕಾಣುತ್ತಿತ್ತು ಎಂಬುದು ಕಣ್ಣಿಗೆ ಸಂಬಂಧಪಟ್ಟ ವಿಷಯವೇ ಹೊರತು ಜ್ವಾಲೆಗೆ ಸಂಬಂಧಪಟ್ಟದ್ದಲ್ಲ.

ಪ್ರಮಾಣಪತ್ರದ ನಮೂನೆಯಲ್ಲಿ 'ಜ್ವಾಲೆಯ ಬಣ್ಣ' ಎಂಬಲ್ಲಿ 'ನೀಲಿ' ಎಂದು ಅಚ್ಚಾಗಿಯೇ ಬರುತ್ತಿತ್ತು. ಬರೆಯುವವರ ಕೈ ನೋಯದಿರಲಿ ಎಂದು ಯಾರೋ ಪುಣ್ಯಾತ್ಮರು ಮಾಡಿಟ್ಟ ಏರ್ಪಾಡು. ಇನ್ನು ಪರಿಶೀಲನೆಯ ಮಾತು. ನಿಯಮ ಹದಿನಾಲ್ಕರ ಪ್ರಕಾರ, ಪರಿಶೀಲಕರ ಪ್ರಾಣರಕ್ಷಣೆಯ ದೃಷ್ಟಿಯಿಂದ, ಪರಿಶೀಲನೆಗೆ ಅರ್ಧ ಗಂಟೆ ಮುಂಚಿತವಾಗಿ ಬರ್ನರನ್ನು ಆರಿಸತಕ್ಕದ್ದು. ಆರಿದ ಬರ್ನರಿನಲ್ಲಿ ಹಳದಿ ಜ್ವಾಲೆ ಕಂಡುಬಂದ ಒಂದೇ ಒಂದು ಉದಾಹರಣೆಯೂ ಇಲಾಖೆಯ ಇತಿಹಾಸದಲ್ಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಆ ಮಾತು ಹೇಳಿದವರು ಈ ಕಟ್ಟಡದ ಮುಂದೆ ನಿಂತೇ ಹೇಳಿರಬೇಕು.

ಆ ಬರ್ನರಿನ ಪಕ್ಕದಲ್ಲಿ ಹನ್ನೊಂದು ವರ್ಷಗಳಿಂದ ನಿಂತಿದ್ದವಳು ಅಕ್ಕ. ಕಚೇರಿಯವರೆಲ್ಲ ಅವಳನ್ನು ಕರೆಯುತ್ತಿದ್ದುದೂ ಹಾಗೆಯೇ. ಆದರೆ ನಿಜವಾಗಿ ಅವಳು ಅಕ್ಕನಾಗಿದ್ದದ್ದು ದರ್ಜೆ ಮೂರರ ಮೆಕ್ಯಾನಿಕ್ ಒಬ್ಬನಿಗೆ. ಅಪ್ಪ ಅಮ್ಮ ಹೋದ ಮೇಲೆ ಅವನನ್ನು ಸಾಕಿ, ಓದಿಸಿ, ಕೈಗೆ ಸ್ಕ್ರೂಡ್ರೈವರ್ ಬರುವ ತನಕ ಕಾದವಳು ಅವಳು. ನೆಲಮಾಳಿಗೆಯಲ್ಲಿ ಆ ಬರ್ನರಿನ ಮೇಲೆ ದೊಡ್ಡ ಹಂಡೆಯಲ್ಲಿ ನೀರು ಕಾಯಿಸಿ, ಮೂರು ಮಹಡಿಗೂ ದಿನಕ್ಕೆ ನಾಲ್ಕು ಸಲ ಚಹಾ ಕೊಡುವುದು ಅವಳ ಕೆಲಸ. ಹಿತ್ತಲ ಕಡೆಯ ಒಂದು ಕೋಣೆ ಅವಳ ಮನೆ. ಕೆಲಸ ಇದ್ದಷ್ಟು ದಿನ ಕೋಣೆ, ಕೋಣೆ ಇದ್ದಷ್ಟು ದಿನ ಬದುಕು.

ಹತ್ತಾರು ವರ್ಷ ಊರೂರು ತಿರುಗಿ, ಆಸ್ಪತ್ರೆ ಹಾಸ್ಟೆಲುಗಳ ಬರ್ನರುಗಳನ್ನು ರಿಪೇರಿ ಮಾಡಿ, ಮೆಕ್ಯಾನಿಕ್ಕು ಕೊನೆಗೆ ಮುಖ್ಯ ಕಚೇರಿಗೆ ವರ್ಗವಾಗಿ ಬಂದ. ಬಂದ ದಿನವೇ ಅಕ್ಕನನ್ನು ನೋಡಲು ಕೆಳಗಿಳಿದ. ಇಳಿದವನು ಅಕ್ಕನ ಮುಖ ನೋಡುವ ಮೊದಲು ಬೆಂಕಿ ನೋಡಿದ. ಕಸುಬು ಅಂದರೆ ಹಾಗೆಯೇ ತಾನೇ. ಜ್ವಾಲೆ ಹಳದಿಯಾಗಿ, ಉದ್ದುದ್ದ ನಾಲಿಗೆ ಚಾಚಿ, ಹಂಡೆಯ ತಳವನ್ನು ನೆಕ್ಕುತ್ತಿತ್ತು. ಹಂಡೆಯ ತಳದಲ್ಲಿ ಒಂದು ಬೆರಳು ದಪ್ಪ ಮಸಿ. ಗೋಡೆ ಕಪ್ಪು. ಅಕ್ಕನ ಮುಖ ಬಿಳಿ.

"ಏನಕ್ಕಾ ಇದು, ಹೀಗಾಗಿದೀಯ?"

"ಏನಿಲ್ಲ ಕಣೋ, ಸ್ವಲ್ಪ ತಲೆನೋವು."

"ಯಾವಾಗಿಂದ?"

"ಹನ್ನೊಂದು ವರ್ಷದಿಂದ," ಅಂದಳು ಅಕ್ಕ, ನೆಗಡಿಯ ವಿಷಯ ಹೇಳುವ ಹಾಗೆ. "ಬೆಳಿಗ್ಗೆ ಇರಲ್ಲ. ಮಧ್ಯಾಹ್ನಕ್ಕೆ ಶುರುವಾಗುತ್ತೆ. ಹೊರಗೆ ಹೋಗಿ ನಿಂತ್ರೆ ಬಿಡುತ್ತೆ. ಆಮೇಲೆ ಒಳಗೆ ಬರ್ತೀನಲ್ಲ, ಅದೂ ಬರುತ್ತೆ. ಹೋದ ವಾರ ಒಂದೆರಡು ಸಲ ಕಣ್ಣು ಕತ್ತಲೆ ಬಂತು, ಅಷ್ಟೇ. ಚಹಾ ಕುಡೀತೀಯಾ?"

ಮೆಕ್ಯಾನಿಕ್ಕು ಬೆಂಕಿಕಡ್ಡಿ ಗೀರಿ, ಹೊಗೆ ಕೊಳವೆಯ ಬಾಯಿಯ ಹತ್ತಿರ ಹಿಡಿದ. ಕೊಳವೆ ಸರಿಯಿದ್ದರೆ ಕಡ್ಡಿಯ ಬೆಂಕಿ ಒಳಮುಖವಾಗಿ ಬಾಗಬೇಕು. ಇದು ಹೊರಮುಖವಾಗಿ, ಅವನ ಮೂಗಿನ ಕಡೆಗೇ ಬಾಗಿ, ಪುಸ್ಸೆಂದು ಆರಿತು. ಅಂದರೆ ಹೋಗಬೇಕಾದ ಗಾಳಿಯಲ್ಲಿ ಬಹುಪಾಲು ಹೋಗದೆ ಕೋಣೆಗೇ ವಾಪಸು ಬರುತ್ತಿದೆ. ಅರೆಬರೆ ಉರಿದ ಗ್ಯಾಸಿನಲ್ಲಿ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷ ಇರುತ್ತದೆ. ಮೊದಲು ತಲೆನೋವು ಕೊಡುತ್ತದೆ, ಆಮೇಲೆ ನಿದ್ದೆ ಕೊಡುತ್ತದೆ, ಆಮೇಲೆ ಏನೂ ಕೊಡುವುದಿಲ್ಲ. ಇದನ್ನು ಅವನು ಕಲಿತದ್ದು ಇದೇ ನಿರ್ದೇಶನಾಲಯ ಅಚ್ಚು ಹಾಕಿಸಿದ ಕೈಪಿಡಿಯ ಮೊದಲನೇ ಪುಟದಲ್ಲಿ.

ಕೆಲಸ ಅಂದರೆ ಎಷ್ಟು? ಕೊಳವೆಯ ಮಸಿ ತೆಗೆಯಬೇಕು, ಗ್ಯಾಸ್ ಬರುವ ಸಣ್ಣ ತೂತನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಬೇಕು, ಗಾಳಿಕಿಂಡಿಯ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಬೇಕು. ಒಂದು ಗಂಟೆಯೂ ಬೇಡ. ಆದರೆ ಆ ಸ್ಕ್ರೂವಿನ ಮೇಲೆ ನಿರ್ದೇಶನಾಲಯದ ಸೀಸದ ಸೀಲು ಕೂತಿತ್ತು. ಪಕ್ಕದಲ್ಲೇ ತಗಡಿನ ಫಲಕ: 'ಸುರಕ್ಷಿತವೆಂದು ಪ್ರಮಾಣೀಕರಿಸಲಾಗಿದೆ. ಸೀಲು ಒಡೆದವರನ್ನು ಸೇವೆಯಿಂದ ವಜಾ ಮಾಡಲಾಗುವುದು.'

ಆದ್ದರಿಂದ ಅವನು ಎರಡನೇ ಮಹಡಿಗೆ ಹೋದ.

ಎರಡನೇ ಮಹಡಿಯಲ್ಲಿ ಸೂಪರಿಂಟೆಂಡೆಂಟರು ಇದ್ದರು. ಮಾತಿಗೆ ಮುಂಚೆ ಉಪನಿಯಮ ಹೇಳುತ್ತಿದ್ದರಿಂದ ಇಡೀ ಕಚೇರಿ ಅವರನ್ನು 'ಉಪನಿಯಮ' ಎಂದೇ ಕರೆಯುತ್ತಿತ್ತು. ಅದನ್ನು ಅವರು ಬಿರುದು ಎಂದು ತಿಳಿದಿದ್ದರು.

"ಸಾರ್, ಕೆಳಗಡೆ ಬರ್ನರ್ ಹಳದಿ ಉರೀತಿದೆ."

"ಇಲ್ಲ," ಅಂದರು ಉಪನಿಯಮ.

"ನಾನೇ ನೋಡಿದೆ ಸಾರ್."

"ನೀವು ನೋಡಿರಬಹುದು ಕಣ್ರೀ. ಅದು ಹಳದಿ ಉರೀತಿಲ್ಲ. ನೀಲಿ ಉರೀತಿದೆ." ಅವರು ಕಡತ ಬಿಚ್ಚಿ, ಪ್ರಮಾಣಪತ್ರದ ಮೇಲೆ ಬೆರಳಿಟ್ಟರು. "ಇದೇನು?"

"ನೀಲಿ ಅಂತ ಬರೆದಿದೆ. ಅದು ಅಚ್ಚಿನಲ್ಲೇ ಬಂದಿದ್ದು ಸಾರ್."

"ಮತ್ತೆ? ಕೈಯಲ್ಲಿ ಬರೆದದ್ದಾದ್ರೆ ತಪ್ಪಾಗಬಹುದು. ಅಚ್ಚಲ್ಲಿ ಬಂದದ್ದು ಹೇಗೆ ತಪ್ಪಾಗುತ್ತೆ?"

ಇದಕ್ಕೆ ಉತ್ತರ ನಿಮ್ಮ ಬಳಿ ಇದ್ದರೆ ಹೇಳಿ. ಮೆಕ್ಯಾನಿಕ್ಕು ಲಿಖಿತ ದೂರು ಕೊಡುತ್ತೇನೆಂದ. ಉಪನಿಯಮರು ಬಹಳ ಪ್ರೀತಿಯಿಂದಲೇ ಸ್ವೀಕರಿಸಿದರು. ಮೂರನೇ ದಿನ ಉತ್ತರ ಬಂತು. 'ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬುದು ಸರ್ವವಿದಿತವಾಗಿರುವುದರಿಂದ, ದೂರುದಾರರು ಮೊದಲು ತಮ್ಮ ಕಣ್ಣು ಹಾಗೂ ಪಿತ್ತಕೋಶದ ತಪಾಸಣೆ ಮಾಡಿಸಿ ವರದಿ ಸಲ್ಲಿಸತಕ್ಕದ್ದು.'

ಅವನು ಮಾಡಿಸಿದ. ಕಣ್ಣಿನಲ್ಲಿ ದೋಷವಿಲ್ಲ, ಪಿತ್ತಕೋಶದಲ್ಲಿ ದೋಷವಿಲ್ಲ ಎಂದು ವೈದ್ಯರು ಬರೆದುಕೊಟ್ಟರು.

ಉಪನಿಯಮರು ವರದಿಯನ್ನು ಎರಡು ಸಲ ಓದಿದರು. "ಕಣ್ಣು ಸರಿಯಾಗಿದೆ. ಜ್ವಾಲೆನೂ ಸರಿಯಾಗಿದೆ. ಆದರೂ ಹಳದಿ ಕಾಣುತ್ತೆ ಅಂತೀರಿ. ಅಂದ್ರೆ ದೋಷ ಕಣ್ಣಿನ ಹಿಂದುಗಡೆ ಇದೆ. ಆ ಭಾಗಕ್ಕೆ ನಮ್ಮಲ್ಲಿ ನಮೂನೆ ಇಲ್ಲ."

"ಸಾರ್, ಒಂದೇ ಒಂದು ಸಲ ಕೆಳಗೆ ಬಂದು ನೋಡಿ. ಉರೀತಿರುವಾಗ."

"ಉರೀತಿರುವಾಗಲಾ?" ಉಪನಿಯಮರು ಕುರ್ಚಿಯಲ್ಲಿ ಹಿಂದಕ್ಕೆ ಸರಿದರು. "ನಿಮಗೆ ಹೆಂಡ್ತಿ ಮಕ್ಕಳು ಇಲ್ಲ ಅಂತ ನಮಗೂ ಇಲ್ವೇನ್ರೀ?"

ಆದರೂ ದೊಡ್ಡ ಮನಸ್ಸು ಮಾಡಿ ಒಂದು ಸಮಿತಿ ಕಳಿಸಿದರು. ಸಮಿತಿ ನಿಯಮ ಹದಿನಾಲ್ಕರ ಪ್ರಕಾರ ಬರ್ನರು ಆರಿಸಿ, ಅರ್ಧ ಗಂಟೆ ಕಾದು, ಮೂಗಿಗೆ ಕರವಸ್ತ್ರ ಹಿಡಿದು ಕೆಳಗಿಳಿಯಿತು. ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. 'ಆಕ್ಷೇಪಾರ್ಹವಾದ ಯಾವುದೇ ಬಣ್ಣ ಕಂಡುಬರಲಿಲ್ಲ' ಎಂದು ಬರೆದರು. ಅಕ್ಕ ಕೊಟ್ಟ ಚಹಾ ತಣ್ಣಗಿದೆ ಎಂಬುದನ್ನೂ ಪ್ರತ್ಯೇಕವಾಗಿ ಬರೆದರು.

ಅದಾದ ನಾಲ್ಕನೇ ದಿನ ಮಧ್ಯಾಹ್ನ ಅಕ್ಕ ಹಂಡೆಯ ಪಕ್ಕದಲ್ಲಿ ಕುಸಿದು ಬಿದ್ದಳು. ಮೆಕ್ಯಾನಿಕ್ಕು ಲೋಟ ವಾಪಸು ಕೊಡಲು ಇಳಿದವನು ನೋಡಿದ. ಎತ್ತಿಕೊಂಡು ಹಿತ್ತಲಿಗೆ ಒಯ್ದು, ಮುಖಕ್ಕೆ ನೀರು ಚಿಮುಕಿಸಿದ. ಕಣ್ಣು ಬಿಡುವುದಕ್ಕೆ ಅವಳು ತೆಗೆದುಕೊಂಡ ಹೊತ್ತಿನಲ್ಲಿ ಅವನ ಅರ್ಧ ಜೀವ ಹೋಗಿತ್ತು. ಕಣ್ಣು ಬಿಟ್ಟವಳು ಮೊದಲು ಕೇಳಿದ್ದು, "ಮೂರನೇ ಮಹಡಿಗೆ ಚಹಾ ಹೋಯ್ತೇನೋ?"

ಸಾಕಪ್ಪಾ ಸಾಕು. ಅವನು ಹೋಗಿ ಗ್ಯಾಸ್ ಮುಚ್ಚಿ, ಬರ್ನರು ತಣ್ಣಗಾಗುವ ತನಕ ಹಲ್ಲು ಕಚ್ಚಿಕೊಂಡು ಕಾದು, ಸೀಲು ಕಿತ್ತ. ಕೊಳವೆಯೊಳಗೆ ಕೈಹಾಕಿ ಮಸಿ ಎಳೆದ. ಒಂದು ಬಕೀಟು ತುಂಬಿ ಇನ್ನೊಂದಕ್ಕೆ ಬಂತು. ಗ್ಯಾಸಿನ ತೂತು ಉಜ್ಜಿದ. ಮತ್ತೆ ಹೊತ್ತಿಸಿ ಗಾಳಿಕಿಂಡಿಯ ಸ್ಕ್ರೂ ತಿರುಗಿಸುತ್ತ ಬಂದ. ಹಳದಿ ನಾಲಿಗೆ ಗಿಡ್ಡವಾಯಿತು, ತುದಿಯಷ್ಟೇ ಉಳಿಯಿತು, ಆ ತುದಿಯೂ ಹೋಯಿತು. ಇನ್ನೊಂದು ಕೂದಲೆಳೆ ತಿರುಗಿಸಿದಾಗ ಜ್ವಾಲೆ ಬರ್ನರು ಬಿಟ್ಟು ಮೇಲಕ್ಕೆ ಎಗರಿ ಗೊರಗೊರ ಅಂದಿತು. ಗಾಳಿ ಹೆಚ್ಚಾಯಿತು ಎಂದು ಅಷ್ಟೇ ಹಿಂದಕ್ಕೆ ತಂದ. ಗಿಡ್ಡನೆಯ, ಗಟ್ಟಿಯಾದ, ಸದ್ದಿಲ್ಲದ ನೀಲಿ ಜ್ವಾಲೆ ನಿಂತಿತು. ಕಡ್ಡಿ ಗೀರಿ ಕೊಳವೆಯ ಬಾಯಿಗೆ ಹಿಡಿದ. ಬೆಂಕಿ ಒಳಕ್ಕೆ ಬಾಗಿತು. ಒಡೆದ ಸೀಲನ್ನು ಇಕ್ಕಳದಲ್ಲಿ ಒತ್ತಿ, ಒಡೆದದ್ದು ಕಾಣದ ಹಾಗೆ ಕೂರಿಸಿದ. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಇಲಾಖೆಯ ಪ್ರಮಾಣಪತ್ರವೊಂದು ನಿಜವಾಗಿತ್ತು, ಅದೂ ಅಪರಾಧ ಮಾಡಿ.

ಎರಡು ದಿನ ಕಳೆದು ಅಕ್ಕ ಅಂದಳು, "ಲೋ, ಇದೇನೋ ಇದು, ತಲೆ ಇದೆ ಅನ್ನೋದೇ ಗೊತ್ತಾಗ್ತಿಲ್ಲ!" ಹಂಡೆ ಉಜ್ಜುತ್ತ ಹಾಡು ಗುನುಗಿದಳು. ತಮ್ಮನಿಗೆ ಬೈದಳು, ಬಟ್ಟೆಗೆಲ್ಲ ಮಸಿ ಮಾಡಿಕೊಂಡಿದ್ದಕ್ಕೆ. ಅವಳ ಬೈಗುಳ ಕೇಳಿ ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಆದರೆ ಮೇಲುಗಡೆ ಅನಾಹುತ ಶುರುವಾಗಿತ್ತು.

ಇಲ್ಲೊಂದು ಮಾತು ಹೇಳಬೇಕು. ಆ ಹೊಗೆ ಕೊಳವೆ ಗೋಡೆಯೊಳಗಿಂದ ಎರಡನೇ ಮಹಡಿಯನ್ನು ಹಾದು ಹೋಗುತ್ತಿತ್ತು. ಅಲ್ಲಿ ಅದರ ಜೋಡಣೆ ಬಿಟ್ಟು, ಗೋಡೆ ಸೀಳಿ, ಅಂಗೈಯಗಲ ತೂತಾಗಿತ್ತು. ತೂತು ಕಾಣದಿರಲೆಂದು ಅದರ ಮೇಲೆ 'ಅತ್ಯುತ್ತಮ ಸುರಕ್ಷಿತ ಕಚೇರಿ' ಎಂಬ ಪ್ರಶಸ್ತಿ ಪತ್ರವನ್ನು ಚೌಕಟ್ಟು ಹಾಕಿಸಿ ತೂಗುಹಾಕಿದ್ದರು. ಪ್ರಶಸ್ತಿಯ ಹಿಂದಿನಿಂದ ದಿನವೂ ತೆಳ್ಳಗೆ ಕೆಳಗಿನ ಅದೇ ಗಾಳಿ ಬರುತ್ತಿತ್ತು. ಮಧ್ಯಾಹ್ನ ಎರಡಕ್ಕೆ ಸರಿಯಾಗಿ ಇಡೀ ಮಹಡಿ ಮೇಜಿನ ಮೇಲೆ ತಲೆಯಿಟ್ಟು ನಾಲ್ಕರವರೆಗೆ ಮಲಗುತ್ತಿತ್ತು. ಇದಕ್ಕೆ 'ಚಿಂತನಾ ಅವಧಿ' ಎಂದು ಹೆಸರು. ಆ ಎರಡು ಗಂಟೆ ಸಾರ್ವಜನಿಕರಿಗೆ ಪ್ರವೇಶವಿಲ್ಲ ಎಂಬ ಫಲಕವೂ ಬಾಗಿಲಿನ ಮೇಲಿತ್ತು.

ಈಗ ಎರಡಾಯಿತು, ನಿದ್ದೆ ಬರಲಿಲ್ಲ. ಎರಡೂವರೆಯಾಯಿತು, ಬರಲಿಲ್ಲ. ಕಚೇರಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಷ್ಟೋ ವರ್ಷದಿಂದ ಪಕ್ಕಪಕ್ಕ ಕೂತವರು ಒಬ್ಬರನ್ನೊಬ್ಬರು ಎಚ್ಚರದಲ್ಲಿ ನೋಡಿದ್ದು ಕಡಿಮೆ. ಮಾಡಲು ಬೇರೇನೂ ಇಲ್ಲದೆ ಒಬ್ಬ ಗುಮಾಸ್ತ ಕಡತ ಬಿಚ್ಚಿದ. ಅವನನ್ನು ನೋಡಿ ಇನ್ನೊಬ್ಬಳು ಬಿಚ್ಚಿದಳು. ಒಂದೇ ವಾರದಲ್ಲಿ ನಾನೂರು ಅರ್ಜಿಗಳು ವಿಲೇವಾರಿಯಾದವು. ಒಂಬತ್ತು ವರ್ಷದ ಹಿಂದೆ ಅರ್ಜಿ ಹಾಕಿದ್ದ ಒಬ್ಬ ಬೇಕರಿಯವನು ಮಂಜೂರಾತಿ ಪತ್ರ ಹಿಡಿದು ಓಡಿ ಬಂದು, "ಏನು ತಪ್ಪು ಮಾಡಿದೆ ಸ್ವಾಮೀ?" ಎಂದು ಅತ್ತ. ಎಲ್ಲಕ್ಕಿಂತ ಘೋರವಾದದ್ದೆಂದರೆ ನಿರ್ದೇಶಕರು ಎಚ್ಚರವಾಗಿದ್ದು ತಮ್ಮದೇ ಹಳೆಯ ಸುತ್ತೋಲೆಗಳನ್ನು ಓದಿದರು. ಓದಿ, ಎರಡು ದಿನ ಕೋಣೆಯ ಬಾಗಿಲು ಹಾಕಿಕೊಂಡರು.

ತನಿಖೆ ನಡೆಯಿತು. ಉಪನಿಯಮರು ನೆಲಮಾಳಿಗೆಗೆ ಹೋಗಿ, ಸೀಲಿನ ಮೇಲೆ ಇಕ್ಕಳದ ಹಲ್ಲಿನ ಗುರುತು ಕಂಡುಹಿಡಿದರು. ಮೆಕ್ಯಾನಿಕ್ಕನ್ನು ನಿರ್ದೇಶಕರ ಕೋಣೆಗೆ ಕರೆಸಿದರು. ಅವನು ಸುಳ್ಳು ಹೇಳಲಿಲ್ಲ.

"ಹೌದು ಸಾರ್, ನಾನೇ ತಿರುಗಿಸಿದ್ದು. ನಮ್ಮಕ್ಕ ಸಾಯ್ತಿದ್ಲು."

ನಿರ್ದೇಶಕರು ಸಿಟ್ಟು ಮಾಡಲಿಲ್ಲ. ಅವರಿಗೆ ದುಃಖವಾಗಿತ್ತು. "ನೋಡಪ್ಪಾ, ನೀನು ಮಾಡಿದ್ದು ಸರಿ. ಆದರೆ ಈ ಕಚೇರಿಯಲ್ಲಿ ಸರಿ ಮಾಡೋದಿದೆಯಲ್ಲ, ಅದು ಹಿಂದೆ ತಪ್ಪಿತ್ತು ಅಂತ ದೂರು ಕೊಟ್ಟ ಹಾಗೆ. ಮೊದಲನೇ ಪ್ರಮಾಣಪತ್ರಕ್ಕೆ ಸಹಿ ಹಾಕಿದ್ದು ಯಾರು ಗೊತ್ತಾ?"

"ಗೊತ್ತಿಲ್ಲ ಸಾರ್."

"ನಾನು," ಅಂದರು ನಿರ್ದೇಶಕರು. "ಆಗ ನಾನು ಪರಿಶೀಲಕ. ಆ ಸಹಿಯ ಮೇಲೇ ಇಲ್ಲೀತನಕ ಬಂದಿದೀನಿ."

ಉಪನಿಯಮರು ಕೆಮ್ಮಿ, ಎರಡು ಕಾಗದ ಮೇಜಿನ ಮೇಲಿಟ್ಟರು. ಮೊದಲನೆಯದರ ಪ್ರಕಾರ ಮೆಕ್ಯಾನಿಕ್ಕು ವಜಾ, ಚಹಾದ ಕೋಣೆ ಬಂದ್, ಹಿತ್ತಲ ಕೋಣೆ ಎಂಟು ದಿನದಲ್ಲಿ ಖಾಲಿ. ಎರಡನೆಯದರ ಪ್ರಕಾರ ಬರ್ನರನ್ನು ಅವನ ಕೈಯಿಂದಲೇ ಮೂಲಸ್ಥಿತಿಗೆ ತರಬೇಕು. ತಂದ ಮೇಲೆ ಅವನಿಗೆ ಎರಡನೇ ಮಹಡಿಯಲ್ಲಿ 'ಜ್ವಾಲಾಧಿಕಾರಿ' ಎಂಬ ಹುದ್ದೆ, ಕುರ್ಚಿ, ಮೇಜು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಈ ಗಾದೆಯಲ್ಲಿ ಕಚ್ಚಿಸಿಕೊಂಡವನ ಮಾತು ಬರುವುದಿಲ್ಲ, ಗಮನಿಸಿ.

ಅವನು ಅಕ್ಕನ ಹತ್ತಿರ ಹೋದ. "ಬಿಟ್ಟು ಹೋಗೋಣ ಅಕ್ಕಾ. ಎಲ್ಲಾದ್ರೂ ಬದುಕೋಣ."

ಅಕ್ಕ ಲೋಟ ತೊಳೆಯುತ್ತಿದ್ದಳು. "ಎಲ್ಲಿಗೋ? ನನ್ನ ವಯಸ್ಸಿಗೆ ಯಾರು ಕೆಲಸ ಕೊಡ್ತಾರೆ? ನಿನ್ನ ಕಾಗದದ ಮೇಲೆ ವಜಾ ಅಂತ ಬಿದ್ದ ಮೇಲೆ ನಿನಗೆ ಯಾರು ಕೊಡ್ತಾರೆ?" ಆಮೇಲೆ ಸೆರಗಿನಲ್ಲಿ ಕೈ ಒರೆಸಿಕೊಂಡು, "ಕುರ್ಚಿ ಕೊಡ್ತಾರಂತಲ್ಲ. ನಿನ್ನನ್ನ ಕುರ್ಚಿ ಮೇಲೆ ನೋಡ್ಬೇಕು ಅಂತ ಅಮ್ಮನಿಗೂ ಇತ್ತು. ಹನ್ನೊಂದು ವರ್ಷ ತಡ್ಕೊಂಡೆ, ಇನ್ನೇನು, ನಿವೃತ್ತಿಗೆ ಐದು ವರ್ಷ," ಅಂದಳು. ಅವನಿಗೆ ಅಳು ಬಂತು. ಅವಳೆದುರು ಅಳಲಿಲ್ಲ.

ಒಂದೇ ಒಂದು ಹಠ ಹಿಡಿದ. ನೆಲಮಾಳಿಗೆಯಿಂದ ಎರಡನೇ ಮಹಡಿಗೆ, ತನ್ನ ಮೇಜಿನ ಮೇಲಕ್ಕೆ, ಒಂದು ಕರೆಗಂಟೆ ಬೇಕು. ಅಕ್ಕನಿಗೆ ತಲೆ ಸುತ್ತಿದರೆ ಒತ್ತಬೇಕು, ತಾನು ಓಡಿ ಇಳಿಯಬೇಕು. ನಿರ್ದೇಶಕರು ಒಪ್ಪಿದರು. ಮಾರನೆಯ ದಿನ ಸುತ್ತೋಲೆ ಹೊರಬಿತ್ತು:

'ನೆಲಮಾಳಿಗೆಯ ಬರ್ನರಿನ ನೀಲಿ ಜ್ವಾಲೆಯು ಅನಧಿಕೃತವಾಗಿ ನೀಲಿಯಾಗಿರುವುದು ಕಂಡುಬಂದಿದ್ದು, ಅದನ್ನು ಅಧಿಕೃತ ನೀಲಿಗೆ ಮರಳಿಸಲು ಆದೇಶಿಸಲಾಗಿದೆ. ಕೊಳವೆಯಿಂದ ತೆಗೆಯಲಾದ ಮಸಿಯು ಸರ್ಕಾರಿ ಸ್ವತ್ತಾಗಿರುವುದರಿಂದ, ಒಂದು ಚಿಟಿಕೆಯೂ ವ್ಯತ್ಯಾಸವಾಗದಂತೆ ಸ್ವಸ್ಥಾನದಲ್ಲಿ ಇರಿಸತಕ್ಕದ್ದು. ಸಿಬ್ಬಂದಿಯ ಹಿತದೃಷ್ಟಿಯಿಂದ ಕರೆಗಂಟೆ ಅಳವಡಿಸಲಾಗಿದೆ. ಗಂಟೆ ಬಾರಿಸಿದ ಪ್ರತಿ ಸಂದರ್ಭವನ್ನೂ ಪುಸ್ತಕದಲ್ಲಿ ನಮೂದಿಸತಕ್ಕದ್ದು.'

ಹಿತ್ತಲ ತೊಟ್ಟಿಯಿಂದ ಮಸಿ ವಾಪಸು ತಂದರು. ಸ್ವಲ್ಪ ಕಡಿಮೆ ಬಿದ್ದದ್ದನ್ನು ಅಕ್ಕನೇ ಹಂಡೆಯ ತಳ ಕೆರೆದು ತುಂಬಿಸಿಕೊಟ್ಟಳು. ಮೆಕ್ಯಾನಿಕ್ಕು ಸ್ಕ್ರೂವನ್ನು ಕಾಲು ಸುತ್ತು ಹಿಂದಕ್ಕೆ ತಿರುಗಿಸಿದ. ಹಳದಿ ನಾಲಿಗೆ ಹಳೆಯ ನೆಂಟನ ಹಾಗೆ ಎದ್ದು ಬಂತು. ಉಪನಿಯಮರು ಹೊಸ ಸೀಲು ಒತ್ತಿದರು, ಕಣ್ಣು ಬೇರೆ ಕಡೆ ತಿರುಗಿಸಿಕೊಂಡು.

ಮರುದಿನ ಜ್ವಾಲಾಧಿಕಾರಿ ಅಧಿಕಾರ ವಹಿಸಿಕೊಂಡ. ಅವನ ಮೇಜು ಪ್ರಶಸ್ತಿ ಪತ್ರದ ಕೆಳಗೇ ಇತ್ತು. ಅದು ಗೌರವದ ಜಾಗವಂತೆ. ಬೆಳಿಗ್ಗೆ ಎರಡು ಸಲ ಇಳಿದು ಅಕ್ಕನನ್ನು ನೋಡಿ ಬಂದ. ಚೆನ್ನಾಗಿದ್ದಳು. ಊಟ ಮಾಡಿದ. ಎರಡೂವರೆಗೆ ಮತ್ತೊಮ್ಮೆ ಇಳಿಯಬೇಕು ಎಂದುಕೊಂಡು ಗಂಟೆಯನ್ನು ಕೈಗೆ ಹತ್ತಿರ ಎಳೆದಿಟ್ಟುಕೊಂಡ. ಎರಡಾಯಿತು. ಸುತ್ತಮುತ್ತ ಒಂದೊಂದೇ ತಲೆ ಮೇಜಿನ ಮೇಲೆ ಇಳಿಯಿತು. ಕಿಟಕಿ ತೆಗೆಯೋಣ ಎಂದು ಅವನು ಎದ್ದ. ಕಿಟಕಿಗೆ ಸುರಕ್ಷತೆಗಾಗಿ ಮೊಳೆ ಹೊಡೆದಿತ್ತು. ಒಂದು ನಿಮಿಷ ಕೂತು ಹೋಗೋಣ ಎಂದು ಕೂತ.

ಎಷ್ಟು ಹೊತ್ತಿನಲ್ಲೋ ಗಂಟೆ ಬಾರಿಸಿತು. ಅವನಿಗೆ ಕೇಳಿಸಿತು. ಪಕ್ಕದ ಮನೆಯದ್ದಿರಬೇಕು, ಯಾರಾದರೂ ಬಾಗಿಲು ತೆಗೀಬಾರದಾ ಅನ್ನಿಸಿತು. ಮತ್ತೆ ಬಾರಿಸಿತು. ಮೂರನೇ ಸಲ ಸಣ್ಣಗೆ ಬಾರಿಸಿ ನಿಂತಿತು.

ನಾಲ್ಕಕ್ಕೆ ಎಲ್ಲರೂ ಎದ್ದರು. ಗಂಟೆಯ ನೆನಪಾಗಿ ಅವನೂ ಎದ್ದ. ಓಡಬೇಕು ಎಂದು ಬಾಗಿಲ ತನಕ ಹೋದ.

"ಏನ್ರೀ, ಪುಸ್ತಕ ಬರೆದ್ರಾ?" ಅಂದರು ಉಪನಿಯಮ, ಆಕಳಿಸುತ್ತ. "ಮೊದಲು ಬರೀರಿ, ಆಮೇಲೆ ಓಡಿ. ಕ್ರಮ ಅಂತ ಇದೆ."

ಅವನು ವಾಪಸು ಬಂದು ಕುರ್ಚಿಯಲ್ಲಿ ಕೂತ. ಬರೆಯಲು ಹೆಚ್ಚೇನೂ ಇರಲಿಲ್ಲ. ಎಲ್ಲ ಅಚ್ಚಾಗಿಯೇ ಬಂದಿತ್ತು: 'ಗಂಟೆ ಕೇಳಿಸಿತು. ಜ್ವಾಲೆಯ ಬಣ್ಣ: ನೀಲಿ. ಕ್ರಮ ಕೈಗೊಳ್ಳಲಾಗಿದೆ.' 'ಎಷ್ಟು ಸಲ' ಎಂಬಲ್ಲಿ ಅವನು 'ಮೂರು' ಎಂದು ತುಂಬಿದ. ಅಷ್ಟರಲ್ಲಿ ಚಹಾದ ತಟ್ಟೆ ಹಿಡಿದು, ಗೋಡೆಗೆ ಒರಗಿ ಒರಗಿ, ಅಕ್ಕನೇ ಮೆಟ್ಟಿಲು ಹತ್ತಿ ಬಂದಳು. ಹಣೆಯ ಬಲಗಡೆ ಉಬ್ಬಿ ನೀಲಿಗಟ್ಟಿತ್ತು. ತಟ್ಟೆಯಲ್ಲಿ ಅರ್ಧ ಚಹಾ ಚೆಲ್ಲಿತ್ತು.

"ಗಂಟೆ ಹೊಡೆದೆ ಕಣೋ," ಅಂದಳು ಮೆಲ್ಲಗೆ, ಎಲ್ಲರೆದುರು ತಮ್ಮನ ಮರ್ಯಾದೆ ಹೋಗದ ಹಾಗೆ. "ಮೂರು ಸಲ."

"ಗೊತ್ತಕ್ಕಾ," ಅಂದ ಅವನು. ನಾಲಿಗೆ ಭಾರವಾಗಿತ್ತು. "ಮೂರು ಅಂತಾನೇ ಬರೆದಿದೀನಿ."

ಅಕ್ಕ ಬಗ್ಗಿ ಪುಸ್ತಕ ನೋಡಿದಳು. ಕುರ್ಚಿಯಲ್ಲಿ ಕೂತ ತಮ್ಮನನ್ನು ನೋಡಿದಳು. ಲೋಟಗಳನ್ನು ಒಂದೊಂದಾಗಿ ಮೇಜುಗಳ ಮೇಲಿಟ್ಟಳು.

"ಅಕ್ಷರ ಚೆನ್ನಾಗಿದೆ," ಅಂದಳು. "ಸಹಿ ಮರೀಬೇಡ." ಆಮೇಲೆ ತಟ್ಟೆ ಎತ್ತಿಕೊಂಡು ಮೆಟ್ಟಿಲಿಳಿದು ಹೋದಳು, ಮೂರನೇ ಮಹಡಿಗೆ ಚಹಾ ಕಾಯಿಸುವುದು ಇನ್ನೂ ಬಾಕಿಯಿತ್ತು.

ಅವನು ಸಹಿ ಹಾಕಿದ.